ಅಂದಾಜು ಲಿಂಗೈಕ್ಯ ದಿನಾಂಕ

1991ರ ಫೆಬ್ರವರಿ 9, ಶನಿವಾರದ ದಿನಚರಿಯಲ್ಲಿ ಉಮಾಮಹೇಶ್ವರಿಯವರು ಬರೆದಿರುವುದು ಇಷ್ಟು: "ಇಂದು ರುದ್ರಭೂಮಿಯಲ್ಲಿ ಹೊಸ ಗುಣಿ ತೋಡುವಾಗ ಹಳೆಯ ಸಮಾಧಿ ಸಿಕ್ಕಿತು. ಒಳಗಿರುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ಮಣ್ಣು ಮುಚ್ಚಿ, ಕೈಮುಗಿದು, ನಾಲ್ಕಡಿ ಪಕ್ಕಕ್ಕೆ ತೋಡಿದರು. ಅಲ್ಲೂ ಒಬ್ಬರಿದ್ದರು. ನಾಳೆಯಿಂದ ಪುಸ್ತಕ ಇಡತಕ್ಕದ್ದು." ಮರುದಿನ ಭಾನುವಾರ. ಪುಸ್ತಕದ ಅಂಗಡಿ ಮುಚ್ಚಿತ್ತು. ಸೋಮವಾರದಿಂದ ಪುಸ್ತಕ ಇಡಲಾಯಿತು.

ಮಲವಗೊಪ್ಪ ದಾಟಿ ಭದ್ರಾವತಿಯ ಕಡೆ ಸ್ವಲ್ಪ ದೂರ ಹೋದರೆ ಸಿಗುವ ಈ ರುದ್ರಭೂಮಿ ಎರಡೂ ಊರಿನ ಸಮಾಜಕ್ಕೆ ಸೇರಿದ್ದು. ಕಾಂಪೌಂಡ್ ರಿಪೇರಿ ಮಾಡಿಸುವ ಮಾತು ಬಂದಾಗ ಶಿವಮೊಗ್ಗದವರು ಅದನ್ನು ಭದ್ರಾವತಿಯದೆನ್ನುತ್ತಾರೆ. ಹುಲ್ಲು ಕೊಯ್ಸುವ ಮಾತು ಬಂದಾಗ ಭದ್ರಾವತಿಯವರು ಅದನ್ನು ಶಿವಮೊಗ್ಗದ್ದೆನ್ನುತ್ತಾರೆ. ಪದಾಧಿಕಾರಿಗಳ ಆಯ್ಕೆ ನಡೆಯುವ ವಾರ ಮಾತ್ರ ಅದು ಎರಡೂ ಊರಿನವರ ಪವಿತ್ರ ನೆಲವಾಗಿರುತ್ತದೆ.

ರುದ್ರಭೂಮಿಯ ದಾಖಲೆಯ ಕೆಲಸವನ್ನು ತಾವಾಗಿಯೇ ವಹಿಸಿಕೊಂಡ ಉಮಾಮಹೇಶ್ವರಿಯವರು ಇಟ್ಟದ್ದು ಮೂರು ಪುಸ್ತಕ. ಮೊದಲನೆಯದರಲ್ಲಿ ಪ್ರತಿಯೊಂದು ಸಮಾಧಿಗೂ ಒಂದು ಸಂಖ್ಯೆ ಕೊಟ್ಟು, ಅದು ಎಲ್ಲಿದೆ, ಒಳಗೆ ಯಾರಿದ್ದಾರೆ, ಯಾವಾಗ ಬಂದರು ಎಂಬುದೆಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ಎರಡನೆಯದರಲ್ಲಿ ಹೆಸರುಗಳು, ಅಕಾರಾದಿಯಾಗಿ. ಎದುರಿಗೆ ಬರೀ ಸಂಖ್ಯೆ. ಮೂರನೆಯದರಲ್ಲಿ ಇಸವಿಗಳು, ಎದುರಿಗೆ ಮತ್ತೆ ಬರೀ ಸಂಖ್ಯೆ. ಸಂಗತಿ ಒಂದೇ ಕಡೆ ಇರಬೇಕು, ಅದನ್ನು ಹುಡುಕುವ ದಾರಿ ಮಾತ್ರ ಎರಡು ಮೂರು ಇರಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬಿ.ಎಸ್ಸಿ. ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಾ ತಾವೇ ಕಂಡುಕೊಂಡದ್ದು. ಆ ಕಾಲದಲ್ಲಿ ಅವರ ಇಡೀ ಬೀದಿಯಲ್ಲಿ ಡಿಗ್ರಿ ಮಾಡಿದ ಹೆಂಗಸು ಅವರೊಬ್ಬರೇ. ಈ ಸಂಗತಿಯನ್ನು ಅವರು ತಾವಾಗಿ ಹೇಳುವುದಿಲ್ಲ. ಬೇರೆಯವರು ಹೇಳುವ ತನಕ ಮಾತನ್ನು ಅಲ್ಲಿಂದ ಕದಲಿಸುವುದೂ ಇಲ್ಲ.

ಯಾರ ಮನೆಯಲ್ಲಾದರೂ ಸಾವಾಗಿ ಫೋನ್ ಬಂದರೆ, ಕನ್ನಡಕ ಹುಡುಕುವ ಹೊತ್ತು ಬಿಟ್ಟು, ಎಲ್ಲಿ ತೋಡಬೇಕೆಂದು ಹೇಳಲು ಅವರಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಮೂವತ್ತೆರಡು ವರ್ಷಗಳಲ್ಲಿ ಒಂದು ಸಮಾಧಿಯ ಮೇಲೆ ಇನ್ನೊಂದು ಗುಣಿ ತೋಡಿದ್ದಿಲ್ಲ. ರುದ್ರಭೂಮಿ ಸಮಿತಿಯ ಯಾವ ವಾರ್ಷಿಕ ವರದಿಯಲ್ಲೂ ಇದು ನಮೂದಾಗಿಲ್ಲ. ನಡೆಯದೆ ಹೋದ ಪ್ರಮಾದಕ್ಕೆ ಸಮಿತಿಯಲ್ಲಿ ನಮೂನೆ ಇರಲಿಲ್ಲ.

212ನೆಯ ಜಾಗದಲ್ಲಿ ಅವರ ಯಜಮಾನರು ಏಕಾಂತಪ್ಪ ಮೇಷ್ಟ್ರು ಇದ್ದಾರೆ. ಬಾವಿಯ ಎದುರಿನ ಸಾಲು, ಬೆಳಗಿನ ಹತ್ತು ಗಂಟೆಯ ತನಕ ನೆರಳು. ಭದ್ರಾವತಿಯಲ್ಲಿ ಇಪ್ಪತ್ತೇಳು ವರ್ಷ ಮಕ್ಕಳಿಗೆ ಗಣಿತ ಕಲಿಸಿ, 2011ರಲ್ಲಿ ತೀರಿಕೊಂಡರು. ಪಕ್ಕದ 213 ಉಮಾಮಹೇಶ್ವರಿಯವರಿಗೆಂದು ಸಮಿತಿಯೇ ಠರಾವು ಮಾಡಿ ಬಿಟ್ಟದ್ದು. ಇಂಥದ್ದಕ್ಕೆ ಜೊತೆಜಾಗ ಎಂದು ಹೆಸರು. ಹೀಗೆ ಕಾಯ್ದಿರಿಸಿಕೊಂಡು ಇನ್ನೂ ಬದುಕಿರುವವರು ಒಟ್ಟು ಮೂವತ್ತೊಂದು ಜನ. ಇವರ ಹೆಸರನ್ನು ಉಮಾಮಹೇಶ್ವರಿಯವರು ಪೆನ್ಸಿಲಿನಲ್ಲಿ ಬರೆದು, ಎದುರಿಗೆ "ಬರಬೇಕು" ಎಂದು ಗುರುತು ಹಾಕಿದ್ದರು. ಬಂದ ಮೇಲೆ ಶಾಯಿ. ತಮ್ಮ ಹೆಸರನ್ನೂ ಹಾಗೇ ಬರೆದಿದ್ದರು. ಅಕ್ಷರ ಮಾತ್ರ ಉಳಿದವರದಕ್ಕಿಂತ ತುಸು ದುಂಡಗಿತ್ತು.

ವ್ಯವಸ್ಥೆ ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದುದರಿಂದ, ಅದನ್ನು ಸುಧಾರಿಸಬೇಕೆಂದು 2023ರ ಕೊನೆಯಲ್ಲಿ ಸಮಿತಿ ತೀರ್ಮಾನಿಸಿತು.

ಅಧ್ಯಕ್ಷರು ಷಡಕ್ಷರಪ್ಪ. ಶಿವಮೊಗ್ಗದಲ್ಲಿ ಟೈಲ್ಸ್ ಮತ್ತು ಗ್ರಾನೈಟ್ ಅಂಗಡಿ ಇಟ್ಟವರು. ಸಭೆಯಲ್ಲಿ ಎದ್ದು ನಿಂತು ಹೇಳಿದರು: "ಸೋಗಾನೆಗೆ ವಿಮಾನ ಬರ್ತಾ ಇದೆ. ನಾವಿನ್ನೂ ಪುಸ್ತಕ ತಿರುವಿ ಹೆಣ ಹುಡುಕ್ತಾ ಇದ್ದೀವಿ."

"ಹೆಣ ಅಂತ ನಡಾವಳಿಯಲ್ಲಿ ಬರೆಯೋಕಾಗಲ್ಲ ಸಾರ್. 'ಹಿರಿಯರು' ಅಂತ ಹಾಕ್ಕೊಳ್ತೀನಿ" ಎಂದರು ಕಾರ್ಯದರ್ಶಿ ರೇಣುಕಾಪ್ರಸಾದ್. ಅವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಕಚೇರಿ ಮಾತ್ರ ಅವರಿಂದ ಇನ್ನೂ ನಿವೃತ್ತವಾಗಿರಲಿಲ್ಲ.

ವಿಮಾನಕ್ಕೂ ಸಮಾಧಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಚಪ್ಪಾಳೆಯ ಮೂಲಕ ಅಂಗೀಕರಿಸಲಾಯಿತು.

ಸಾಫ್ಟ್‌ವೇರ್ ಒದಗಿಸುವ ಕೆಲಸ ಭದ್ರಾವತಿಯ ಮಲ್ಲಿಕ್‌ಗೆ ಹೋಯಿತು. ಮಲ್ಲಿಕ್ ಅಕ್ಕಿ ಗಿರಣಿಗಳ ಗೋದಾಮಿಗೆ ದಾಸ್ತಾನು ಸಾಫ್ಟ್‌ವೇರ್ ಮಾಡಿಕೊಟ್ಟು ಹೆಸರು ಮಾಡಿದವನು. ರುದ್ರಭೂಮಿಗೂ ಅದನ್ನೇ ತಂದ. "ಲಾಜಿಕ್ ಒಂದೇ ಸಾರ್" ಎಂದು ವಿವರಿಸಿದ. "ಜಾಗ ಇರುತ್ತೆ, ಮಾಲು ಬರುತ್ತೆ, ಇಳಿಸ್ತೀವಿ. ಇಲ್ಲಿ ವಾಪಸ್ ಹೋಗೋದಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೇ ರೇಟಲ್ಲಿ ಸ್ವಲ್ಪ ಕಮ್ಮಿ ಮಾಡಿದೀನಿ."

ಪರದೆಯಲ್ಲಿ "ಸರಕು ಬರುವ ದಿನಾಂಕ" ಎಂದಿದ್ದ ಕಡೆ "ಲಿಂಗೈಕ್ಯ ದಿನಾಂಕ" ಎಂದು ತಿದ್ದಲಾಗಿತ್ತು. ಕೆಳಗಿನ ಮೂಲೆಯಲ್ಲಿ "ತೇವಾಂಶ ಶೇಕಡಾ" ಎಂಬ ಕಾಲಂ ಹಾಗೇ ಉಳಿದಿತ್ತು. ಅದು ಇರಲಿ, ಮುಂದೆ ಬೇಕಾಗಬಹುದು ಎಂದು ಸಭೆ ಅಭಿಪ್ರಾಯಪಟ್ಟಿತು.

ಯಾವ ಯಾವ ಕಾಲಂನಿಂದ ಹುಡುಕಲು ಬರಬೇಕು ಎಂಬ ಪ್ರಶ್ನೆಗೆ ಎರಡು ತಾಸು ಹಿಡಿಯಿತು. ಕಡಿಮೆ ಬೆಲೆಯ ಆವೃತ್ತಿಯಲ್ಲಿ ನಾಲ್ಕೇ ನಾಲ್ಕು ಕಾಲಂಗಳಿಂದ ಹುಡುಕಬಹುದಿತ್ತು. ನಾಲ್ಕೇ ಎಂದು ಗೊತ್ತಾದೊಡನೆ ಅವು ಸ್ಥಾನಮಾನಗಳಾದವು. ಅಧ್ಯಕ್ಷರು "ದೇಣಿಗೆ ಕೊಟ್ಟವರ ಹೆಸರು" ಎಂಬುದನ್ನು ತೆಗೆದುಕೊಂಡರು. ಭದ್ರಾವತಿಯ ನಿರ್ದೇಶಕರು, ತಮ್ಮ ಊರಿಗೆ ಅನ್ಯಾಯವಾಗಬಾರದೆಂದು, "ಊರು" ಎಂಬುದನ್ನು ಪಡೆದರು. ಕಾರ್ಯದರ್ಶಿಗಳು "ಠರಾವು ಸಂಖ್ಯೆ"ಗೆ ಪಟ್ಟು ಹಿಡಿದರು. ನಾಲ್ಕನೆಯದು ಲಿಂಗೈಕ್ಯ ದಿನಾಂಕ. ಅದಿಲ್ಲದೆ ಸಾಫ್ಟ್‌ವೇರ್ ನಡೆಯುವುದೇ ಇಲ್ಲ ಎಂದ ಮಲ್ಲಿಕ್.

"ತೀರಿಕೊಂಡವರ ಹೆಸರು?" ಎಂದು ಉಮಾಮಹೇಶ್ವರಿಯವರು ಕೇಳಿದರು.

"ಹೆಸರು ಎಂಟ್ರಿ ಆಗುತ್ತೆ ಅಮ್ಮ. ಹುಡುಕೋಕೆ ಮಾತ್ರ ಬರಲ್ಲ."

"ಹೆಸರಿಂದ ಹುಡುಕದೆ ಮತ್ತಿನ್ಯಾವುದರಿಂದ ಹುಡುಕ್ತಾರೆ?"

"ಮೇಡಂ" ಎಂದರು ರೇಣುಕಾಪ್ರಸಾದ್, ಸಮಾಧಾನದಿಂದ, "ಹೆಸರು ಗೊತ್ತಿದ್ದ ಮೇಲೆ ಹುಡುಕೋದೇನಿದೆ? ಗೊತ್ತಿಲ್ಲದ್ದನ್ನ ತಾನೇ ಹುಡುಕೋದು?"

ಬಾಗಿಲಲ್ಲಿ ನಿಂತಿದ್ದ ಹಾಲಸ್ವಾಮಿ ಕೈ ಎತ್ತಿದ. ಇಪ್ಪತ್ತು ವರ್ಷಗಳಿಂದ ರುದ್ರಭೂಮಿಯ ಕಾವಲು ಮತ್ತು ಗುಣಿ ತೋಡುವ ಕೆಲಸ ಎರಡೂ ಅವನದೇ. "ಯಾರು ಎಲ್ಲವ್ರೆ ಅನ್ನೋದು ಎಲ್ಲಿ ಬರುತ್ತೆ ಸ್ವಾಮಿ? ನಂಗೆ ಅದೊಂದು ಗೊತ್ತಾದ್ರೆ ಸಾಕು."

"ಷರಾದಲ್ಲಿ ಬರುತ್ತೆ ಮಾರಾಯ, ನೀನು ಸುಮ್ನಿರು" ಎಂದರು ಅಧ್ಯಕ್ಷರು.

ಷರಾ ಎಂಬ ಟಿಪ್ಪಣಿ ಕಾಲಂಗೆ, ನಡುವೆ ಬಿಡುವ ಜಾಗವೂ ಸೇರಿ, ಹದಿನೈದು ಅಕ್ಷರಗಳ ಅವಕಾಶವಿತ್ತು. ಪ್ರಾಯೋಗಿಕವಾಗಿ ಒಂದು ಸಮಾಧಿಯ ವಿವರ ತುಂಬಿಸಿ ನೋಡಲಾಯಿತು. "ಹೊಂಗೆ ಮರದಿಂದ ಪೂರ್ವಕ್ಕೆ ಹದಿನಾ" ಎಂದು ಬಂದು ನಿಂತಿತು. ಹದಿನಾಲ್ಕು ಹೆಜ್ಜೆಯೋ ಹದಿನಾರು ಹೆಜ್ಜೆಯೋ ಎಂದು ಹಾಲಸ್ವಾಮಿ ಕೇಳಿದ್ದಕ್ಕೆ, ಎರಡೂ ಕಡೆ ನೋಡುವಂತೆ ಸೂಚಿಸಲಾಯಿತು.

ತೊಡಕು ಬಂದದ್ದು ಆಮೇಲೆ. ಮೂವತ್ತೊಂದು ಜನ ಜೊತೆಜಾಗದವರ ಹೆಸರು ಹಾಕಿದಾಗ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಲಿಂಗೈಕ್ಯ ದಿನಾಂಕ ನಮೂದಿಸಿ.

"ಅವರು ಬದುಕಿದ್ದಾರೆ. ಆ ಕಾಲಂ ಖಾಲಿ ಬಿಡಪ್ಪ" ಎಂದರು ಉಮಾಮಹೇಶ್ವರಿಯವರು. "ನಾನು ಪೆನ್ಸಿಲ್‌ನಲ್ಲಿ ಬರೆದಿಲ್ವಾ, ಹಾಗೆ."

"ನಮ್ಮಲ್ಲಿ ಪೆನ್ಸಿಲ್ ಇಲ್ಲ ಅಮ್ಮ. ಖಾಲಿ ಬಿಟ್ರೆ ಸೇವ್ ಆಗಲ್ಲ. ಅಕ್ಕಿ ಮೂಟೆಗೆ ಹಿಂಗೇ ಇಟ್ಟಿದ್ದು. ಬರೋ ತಾರೀಕು ಹೇಳದೆ ಗೋದಾಮಲ್ಲಿ ಜಾಗ ಕೊಟ್ರೆ ಓನರ್ ಒಪ್ತಾರಾ?"

"ನಾನು ಅಕ್ಕಿ ಮೂಟೆ ಅಲ್ಲ."

"ಅಯ್ಯೋ, ನಿಮಗಲ್ಲ ಅಮ್ಮ, ಸಿಸ್ಟಮ್‌ಗೆ ಹೇಳ್ದೆ."

ಆ ಒಂದು ಕಾಲಂ ಬದಲಿಸಲು ಎಷ್ಟಾಗುತ್ತದೆ ಎಂದು ಅಧ್ಯಕ್ಷರು ಕೇಳಿದರು. ಮಲ್ಲಿಕ್ ಮೊತ್ತ ಹೇಳಿದ. ಸಾಫ್ಟ್‌ವೇರನ್ನು ಬದಲಿಸುವುದಕ್ಕಿಂತ ಮೂವತ್ತೊಂದು ಜನರನ್ನು ಬದಲಿಸುವುದು ಅಗ್ಗವೆಂದು ಸಮಿತಿಗೆ ಕಂಡುಬಂದಿತು. 2024ರ ಜನವರಿಯಲ್ಲಿ ಈ ಕೆಳಗಿನ ಪ್ರಕಟಣೆ ಹೊರಬಿತ್ತು.

"ಸಮಸ್ತ ಜೊತೆಜಾಗದಾರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ರುದ್ರಭೂಮಿಯ ದಾಖಲೆಗಳನ್ನು ಗಣಕೀಕರಣಗೊಳಿಸಲಾಗುತ್ತಿದ್ದು, ಸ್ಥಳ ಕಾಯ್ದಿರಿಸಿಕೊಂಡೂ ಇನ್ನೂ ಜೀವಂತವಿರುವವರು ತಮ್ಮ ಅಂದಾಜು ಲಿಂಗೈಕ್ಯ ದಿನಾಂಕವನ್ನು ನಮೂನೆ 7ರಲ್ಲಿ ಭರ್ತಿ ಮಾಡಿ, ಎರಡು ಪ್ರತಿಗಳಲ್ಲಿ, ಹದಿನೈದು ದಿನಗಳೊಳಗಾಗಿ ಸಲ್ಲಿಸತಕ್ಕದ್ದು. ಸದರಿ ದಿನಾಂಕವು ಹಾಲಿ ಸಮಿತಿಯ ಅಧಿಕಾರಾವಧಿಯೊಳಗೆ ಇರತಕ್ಕದ್ದು. ಭಾನುವಾರ, ಎರಡನೇ ಶನಿವಾರ ಮತ್ತು ಸಾರ್ವತ್ರಿಕ ರಜಾದಿನಗಳಂದು ಬೀಳತಕ್ಕದ್ದಲ್ಲ. ಒಂದೇ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಅರ್ಜಿಗಳು ಬಂದಲ್ಲಿ ಹಿರಿತನವನ್ನು ಪರಿಗಣಿಸಲಾಗುವುದು. ದಿನಾಂಕದಿಂದ ಮೂರು ದಿನಗಳೊಳಗೆ ಸಂಬಂಧಪಟ್ಟವರು ತಮ್ಮ ಸ್ಥಳದಲ್ಲಿ, ನಮ್ಮ ಪದ್ಧತಿಯಂತೆ ಕೂತ ಭಂಗಿಯಲ್ಲಿ, ಹಾಜರಿರತಕ್ಕದ್ದು; ತಪ್ಪಿದಲ್ಲಿ ಸ್ಥಳವು ತಾನಾಗಿಯೇ ಖಾಲಿಯೆಂದು ಪರಿಗಣಿತವಾಗುವುದು. ಅನಿವಾರ್ಯ ಕಾರಣಗಳಿಂದ ಬದುಕುಳಿಯುವವರು ಮೂವತ್ತು ದಿನ ಮುಂಚಿತವಾಗಿ, ಕಾರಣ ಸಹಿತ, ಅವಧಿ ವಿಸ್ತರಣೆಗೆ ಅರ್ಜಿ ಸಲ್ಲಿಸಬಹುದು. ದಿನಾಂಕ ನೀಡದವರಿಗೆ ಎಂಟ್ರಿ ಮಾಡಿದ ದಿನವೇ ಬೀಳುವುದು. ಅದಕ್ಕೆ ಸಮಿತಿ ಜವಾಬ್ದಾರಿಯಲ್ಲ."

ಜನ ರೊಚ್ಚಿಗೇಳುತ್ತಾರೆಂದು ಉಮಾಮಹೇಶ್ವರಿಯವರು ನಿರೀಕ್ಷಿಸಿದ್ದರು. ಜನ ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತರು.

ರಾಗಿಗುಡ್ಡದ ಕಡೆಯ ಒಬ್ಬ ನಿವೃತ್ತ ಎಂಜಿನಿಯರು 2060 ಎಂದು ಬರೆದದ್ದನ್ನು, ಅಧಿಕಾರಾವಧಿ ಮೀರಿದೆಯೆಂದು ಹಿಂದಿರುಗಿಸಲಾಯಿತು. ಅವರು ಕ್ಷಮೆ ಕೋರಿ 2025ಕ್ಕೆ ಇಳಿದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಶೀಲಾ ಅವರು, ತಾರೀಖಿನ ಬದಲು ತಿಥಿ ಕೊಡಬಹುದೇ, ಒಳ್ಳೆಯ ನಕ್ಷತ್ರ ನೋಡಿಸಿದ್ದೇನೆ ಎಂದು ವಿಚಾರಿಸಿದರು. ಒಬ್ಬರು ತಮ್ಮ ಠೇವಣಿಯ ಅವಧಿ ಮುಗಿಯುವ ಮರುದಿನವನ್ನು ಕೊಟ್ಟರು. ಅದಕ್ಕೆ ಅವರ ಮಕ್ಕಳು ಒಮ್ಮತದಿಂದ ಸಾಕ್ಷಿ ಸಹಿ ಹಾಕಿದ್ದರು.

ಉಮಾಮಹೇಶ್ವರಿಯವರ ಮನೆಯಲ್ಲಿಯೂ ವಿಷಯ ತಿಂಡಿಯ ಹೊತ್ತಿಗೆ ಚರ್ಚೆಗೆ ಬಂತು.

"ಅತ್ತೆ, ಏಪ್ರಿಲ್ ಮಾತ್ರ ಬೇಡ" ಎಂದಳು ಸೊಸೆ ಮಂಜುಶ್ರೀ, ದೋಸೆ ಮಗುಚುತ್ತಾ. "ಸಮತಾಗೆ ಸಿಇಟಿ ಇದೆ."

"ನಾನು ಸಾಯೋದಕ್ಕೂ ಮೊಮ್ಮಗಳ ಸಿಇಟಿಗೂ ಏನೇ ಸಂಬಂಧ?"

"ಸುಮ್ನೆ ಹೇಳ್ದೆ ಅತ್ತೆ. ಮನೇಲಿ ಜನ ಬರ್ತಾರೆ, ಹೋಗ್ತಾರೆ, ಓದೋಕಾಗಲ್ಲ. ಜೂನ್ ಹಾಕಿ, ಮಳೆ ಶುರುವಾಗೋ ಮುಂಚೆ. ಎಲ್ಲರಿಗೂ ಅನುಕೂಲ."

"ಮಾರಾಯ್ತಿ, ನೀನೂ ಡಿಗ್ರಿ ಮಾಡ್ದೋಳೇ ತಾನೇ?"

"ಅದಕ್ಕೇ ಹೇಳ್ತಿರೋದು. ಫಾರಂ ತುಂಬೋದ್ರಲ್ಲಿ ಏನು ಹೋಗುತ್ತೆ? ತುಂಬಿ ಕೊಟ್ಟು ಸುಮ್ನಿರೋದಪ್ಪ. ಬದುಕೋದು ಆಮೇಲೆ ಇದ್ದೇ ಇದೆ."

ಉಮಾಮಹೇಶ್ವರಿಯವರು ತುಂಬಲಿಲ್ಲ. ಸುಳ್ಳು ದಿನಾಂಕ ಅವರ ಕೈಯಿಂದ ಎಂದೂ ಕಾಗದಕ್ಕೆ ಇಳಿದಿರಲಿಲ್ಲ. ಮೂವತ್ತೊಂದರಲ್ಲಿ ಮೂವತ್ತು ಅರ್ಜಿಗಳು ಬಂದು, ಗುರಿಯ ಶೇಕಡಾ ತೊಂಬತ್ತಾರಕ್ಕೂ ಮಿಕ್ಕಿ ಸಾಧನೆಯಾಗಿದೆ ಎಂದು ಕಾರ್ಯದರ್ಶಿಗಳು ಪತ್ರಿಕೆಗೆ ಹೇಳಿಕೆ ಕೊಟ್ಟರು. ಫೆಬ್ರವರಿ 19ರಂದು ಎಂಟ್ರಿ ನಡೆಯಿತು. ಉಮಾಮಹೇಶ್ವರಿಯವರ ಕಾಲಂನಲ್ಲಿ ಫೆಬ್ರವರಿ 19 ಬಿತ್ತು. ಆ ದಿನ ಅವರು ಹಪ್ಪಳ ಒಣಗಿಸುತ್ತಿದ್ದರು.

ಇಪ್ಪತ್ಮೂರರ ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: "ಪ್ರಿಯ ಗ್ರಾಹಕರೇ, ತಮ್ಮ ಸರಕು ನಿಗದಿತ ಅವಧಿಯಲ್ಲಿ ತಲುಪದ ಕಾರಣ 213ನೇ ಜಾಗದ ಬುಕಿಂಗ್ ರದ್ದಾಗಿದೆ. ತೊಂದರೆಗಾಗಿ ವಿಷಾದಿಸುತ್ತೇವೆ. ಮತ್ತೆ ಬನ್ನಿ."

ಅವರು ಅದೇ ದಿನ ಸಮಿತಿಯ ಕಚೇರಿಗೆ ಹೋದರು. ಮೂರೂ ಪುಸ್ತಕ ಚೀಲದಲ್ಲಿತ್ತು.

"ರೇಣುಕಾಪ್ರಸಾದ್, ನಾನು ಬದುಕಿದ್ದೀನಿ."

"ಅದು ನಮ್ಮ ಗಮನಕ್ಕೂ ಬಂದಿದೆ ಮೇಡಂ" ಎಂದರು ಕಾರ್ಯದರ್ಶಿ. "ಆಕ್ಷೇಪಣೆ ಇರೋದೇ ಅಲ್ಲಿ. ಹತ್ತೊಂಬತ್ತರಿಂದ ಮೂರು ದಿನ ಕಾದ್ವಿ. ತಾವು ಬರಲಿಲ್ಲ."

"ಬರೋದು ಅಂದ್ರೆ? ಸತ್ತು ಬರಬೇಕಿತ್ತಾ?"

"ಹಾಗಂತ ನಿಯಮದಲ್ಲಿ ಎಲ್ಲೂ ಹೇಳಿಲ್ಲ. ಹಾಜರಿರತಕ್ಕದ್ದು ಅಂತ ಇದೆ. ಸಮಿತಿ ಯಾರನ್ನೂ ಸಾಯಿ ಅಂತ ಒತ್ತಾಯ ಮಾಡೋದಿಲ್ಲ ಮೇಡಂ."

"ಇಲ್ಲಿ ನೋಡಿ, 2011ರ ಠರಾವು. 213 ನನ್ನ ಹೆಸರಲ್ಲಿದೆ. ನಮ್ಮ ಯಜಮಾನರ ಪಕ್ಕದ್ದು."

ಕಾರ್ಯದರ್ಶಿಗಳು ಪುಸ್ತಕವನ್ನು ಗೌರವದಿಂದ ನೋಡಿದರು. ಬರವಣಿಗೆ ಮುತ್ತು ಪೋಣಿಸಿದ ಹಾಗಿದೆ ಎಂದು ಮೆಚ್ಚಿದರು. ಠರಾವಿನ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಒತ್ತಿದರು. "ಬಂತು. ಆದರೆ ಇದರ ಎದುರು 'ಖಾಲಿ' ಅಂತ ಇದೆ. ಪುಸ್ತಕ ತಪ್ಪು ಅಂತ ನಾನು ಹೇಳಲ್ಲ. ಪುಸ್ತಕ ಈಗ ಹಳೇದು."

ಮಾರ್ಚ್ 5ರಂದು ಭದ್ರಾವತಿಯಲ್ಲಿ ಅಧ್ಯಕ್ಷರ ಚಿಕ್ಕಪ್ಪ ಗುರುಶಾಂತಪ್ಪನವರು ತೀರಿಕೊಂಡರು. ಹೊಸ ವ್ಯವಸ್ಥೆಯ ಮೊದಲ ಪ್ರಯೋಜನ ಪಡೆಯುವ ಭಾಗ್ಯ ಅವರ ಕುಟುಂಬಕ್ಕೆ ಬಂತು. "ಖಾಲಿ" ಜಾಗಗಳ ಪಟ್ಟಿ ತೆರೆದ ಕೂಡಲೇ ಬಾವಿಯೆದುರಿನ ಸಾಲಿನ 213 ಪರದೆಯ ಮೇಲೆ ಬಂತು. ನೆರಳಿರುವ ಸಾಲು. ದೇಣಿಗೆಯೊಂದಿಗೆ ಗುರುಶಾಂತಪ್ಪನವರ ಹೆಸರು ಒಂಬತ್ತೂವರೆಗೇ ಸೇವ್ ಆಯಿತು.

ಹತ್ತು ಗಂಟೆಗೆ ಹಾಲಸ್ವಾಮಿಯ ಫೋನ್ ಬಂತು. "ಅಮ್ಮೋರೇ, ನಿಮ್ಮ ಜಾಗ ತೋಡೋಕೆ ಹೇಳವ್ರೆ. ಗುದ್ದಲಿ ಹಿಡ್ಕೊಂಡು ನಿಂತಿದ್ದೀನಿ. ಏನ್ ಮಾಡ್ಲಿ?"

"ನಿಂತೇ ಇರು, ಬರ್ತೀನಿ."

ಆಟೋದವನು ಎಲ್ಲಿಗೆ ಎಂದು ಕೇಳಿದ. ರುದ್ರಭೂಮಿಗೆ ಎಂದರು. ಒಬ್ಬರೇನಾ ಎಂದ. ಸದ್ಯಕ್ಕೆ ಒಬ್ಬಳೇ ಎಂದರು.

ಕಾವಲು ಕೋಣೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಹಾಲಸ್ವಾಮಿಯಿಂದ ತರಿಸಿ, 213ರ ನಟ್ಟನಡುವೆ ಹಾಕಿಸಿ, ಸೆರಗು ಸರಿಮಾಡಿಕೊಂಡು ಕೂತರು. ಎಡಗಡೆ ಏಕಾಂತಪ್ಪನವರ ಗದ್ದುಗೆ. ಕಲ್ಲಿನ ಮೇಲೆ ಎರಡು ಒಣ ಎಲೆ. ಅವನ್ನು ಕೈಯಿಂದ ತೆಗೆದು ಹಾಕಿದರು. ಹನ್ನೊಂದಕ್ಕೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಕಾರಿನಲ್ಲಿ ಬಂದರು.

"ಉಮಕ್ಕ, ಏಳಿ. ಭದ್ರಾವತಿಯಿಂದ ಮೆರವಣಿಗೆ ಹೊರಡ್ತಾ ಇದೆ. ಭಜನೆಯವರಿಗೆ ಟೀನೂ ಆಯ್ತು."

"ನಾನು ನನ್ನ ಜಾಗದಲ್ಲಿ ಕೂತಿದ್ದೀನಿ, ಷಡಕ್ಷರಪ್ಪ."

"ಜಾಗ ರದ್ದಾಗಿದೆಯಲ್ಲಕ್ಕ. ಹಾಜರಾಗ್ಲಿಲ್ಲ ನೀವು."

"ಈಗ ಆಗಿದ್ದೀನಲ್ಲ. ನಿಮ್ಮ ನಿಯಮ ಓದಿ."

ಕಾರ್ಯದರ್ಶಿಗಳು ಜೇಬಿನಿಂದ ಪ್ರಕಟಣೆಯ ಪ್ರತಿ ತೆಗೆದರು. ಒಮ್ಮೆ ಓದಿದರು. ಉಮಾಮಹೇಶ್ವರಿಯವರ ಸುತ್ತ ಒಂದು ಸುತ್ತು ಬಂದು, ಮತ್ತೊಮ್ಮೆ ಓದಿದರು. "ಸಾರ್" ಎಂದು ಅಧ್ಯಕ್ಷರನ್ನು ಪಕ್ಕಕ್ಕೆ ಕರೆದರು. ಪಕ್ಕವೆಂದರೆ 214, ಅದು ಬಾವಿಗೆ ಹೋಗುವ ಕಾಲುದಾರಿ. "ಸ್ಥಳದಲ್ಲಿ ಇದ್ದಾರೆ. ಹಾಜರಿದ್ದಾರೆ. ಕೂತ ಭಂಗಿಯಲ್ಲಿದ್ದಾರೆ. ಪದ್ಧತಿಗೆ ಎಲ್ಲೂ ಲೋಪ ಇಲ್ಲ."

"ಕುರ್ಚಿ ಮೇಲೆ ಕೂತಿದ್ದಾರಲ್ರೀ!"

"ಕುರ್ಚಿ ಕೂಡದು ಅಂತ ನಿಯಮ ಇಲ್ಲ ಸಾರ್. ಹನ್ನೆರಡು ದಿನದ ವಿಳಂಬ ಮಾತ್ರ ಇದೆ. ಅದನ್ನ ಸಮಿತಿ ಮನ್ನಾ ಮಾಡಬಹುದು. ಎಬ್ಬಿಸಿದ್ರೆ ಮಾತ್ರ ನಾಳೆ ಉಳಿದ ಮೂವತ್ತು ಜನರ ಎಂಟ್ರಿಗೂ ಪ್ರಶ್ನೆ ಬರುತ್ತೆ."

ಮಲ್ಲಿಕ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಲಾಯಿತು.

"ಅಮ್ಮನ್ನ ಹಾಜರು ಅಂತ ಹಾಕಬಹುದು ಸಾರ್, ತೊಂದ್ರೆ ಇಲ್ಲ. ಆದರೆ ನಿಮ್ಮ ಚಿಕ್ಕಪ್ಪ ಬೆಳಿಗ್ಗೆನೇ 213ಕ್ಕೆ ಸೇವ್ ಆಗಿಬಿಟ್ಟಿದ್ದಾರಲ್ಲ. ಸೇವ್ ಆದವರನ್ನ ಅಳಿಸೋಕೆ ಬರಲ್ಲ. ಪಕ್ಕದ ನಂಬರಿಗೆ ತಳ್ಳಬಹುದು."

"214 ದಾರಿ ಕಣಯ್ಯ."

"ಹಂಗಾದ್ರೆ 212."

"212ರಲ್ಲಿ ನಮ್ಮ ಯಜಮಾನರಿದ್ದಾರೆ!" ಎಂದರು ಉಮಾಮಹೇಶ್ವರಿಯವರು, ಕುರ್ಚಿಯಿಂದ ಏಳದೆ.

"ಗೊತ್ತಮ್ಮ. ಮೇಷ್ಟ್ರನ್ನ ತಳ್ಳಿದ್ರೆ ಅವರು ಷರಾಕ್ಕೆ ಹೋಗ್ತಾರೆ. ಡಿಲೀಟ್ ಆಗಲ್ಲ, ಹೆದರಬೇಡಿ. ಒಳಗೆ ಎಲ್ಲೋ ಒಂದು ಕಡೆ ಇರ್ತಾರೆ."

ಗುರುಶಾಂತಪ್ಪನವರ ದೇಹವನ್ನು ಬೇರೆಲ್ಲಾದರೂ ಮಣ್ಣು ಮಾಡಬಹುದು. ಕಾಂಪೌಂಡಿನ ಬದಿಯ ಕೊನೆಯ ಸಾಲಿನಲ್ಲಿ ಬೇಕಾದಷ್ಟು ಜಾಗವಿತ್ತು. ದೇಣಿಗೆ ಮಾತ್ರ ಬಾವಿಯೆದುರಿನ ಸಾಲಿನ ಲೆಕ್ಕದಲ್ಲಿ ಪಡೆದದ್ದು, ರಸೀದಿ ಹರಿದಾಗಿತ್ತು. ಆದ್ದರಿಂದ ಅವರು ದಾಖಲೆಯಲ್ಲಿ ಬಾವಿಯೆದುರಿಗೆ ಇರಲೇಬೇಕಾಗಿತ್ತು.

"ನೆಲದಲ್ಲಿ ಮೇಷ್ಟ್ರು ಎಲ್ಲಿದ್ರೋ ಅಲ್ಲೇ ಇರ್ತಾರೆ ಉಮಕ್ಕ" ಎಂದರು ಷಡಕ್ಷರಪ್ಪ, ಮೃದುವಾಗಿ. "ದಾಖಲೆಯಲ್ಲಿ ಮಾತ್ರ ಸ್ವಲ್ಪ ಸರ್ಕೋತಾರೆ. ನಿಮಗೆ ಈ ಜಾಗ ಬೇಕೋ ಬೇಡ್ವೋ ಹೇಳಿ. ಬೇಕಂದ್ರೆ ಒಂದು ಒಪ್ಪಿಗೆ ಪತ್ರ. ಬೇಡ ಅಂದ್ರೆ ಏಳಿ, ಮೆರವಣಿಗೆ ಬೈಪಾಸ್ ದಾಟಿದೆ."

ಮೂವತ್ತೆರಡು ವರ್ಷ ಉಮಾಮಹೇಶ್ವರಿಯವರು ಮಾಡಿದ್ದು ಒಂದೇ ಕೆಲಸ: ನೆಲದಲ್ಲಿರುವುದೂ ಕಾಗದದಲ್ಲಿರುವುದೂ ಒಂದೇ ಆಗಿರುವಂತೆ ನೋಡಿಕೊಂಡದ್ದು. ಈಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ದೂರದಲ್ಲಿ ಭಜನೆಯ ತಾಳ ಕೇಳಿಸತೊಡಗಿತು. ಹಾಲಸ್ವಾಮಿ ಗುದ್ದಲಿ ಕೆಳಗಿಟ್ಟು ಬೆನ್ನು ತಿರುಗಿಸಿ ನಿಂತ.

"ಪೆನ್ನು ಕೊಡಿ" ಎಂದರು.

ಸಹಿಯ ಕೆಳಗೆ ದಿನಾಂಕವನ್ನೂ ಹಾಕಿದರು. ಅದು ಸರಿಯಾದ ದಿನಾಂಕವೇ ಆಗಿತ್ತು.

ಮುಂದಿನ ಸಭೆಯಲ್ಲಿ, ನೆಲವು ದಾಖಲೆಯನ್ನು ಅನುಸರಿಸತಕ್ಕದ್ದೇ ಹೊರತು ದಾಖಲೆಯು ನೆಲವನ್ನಲ್ಲ ಎಂದು ಸರ್ವಾನುಮತದ ಠರಾವಾಯಿತು. ಅದರನ್ವಯ ಇನ್ನೂರ ಅರವತ್ತು ಸಮಾಧಿಗಳಿಗೂ ಕಂಪ್ಯೂಟರ್ ಪಟ್ಟಿಯಂತೆ ಹೊಸ ಗ್ರಾನೈಟ್ ನಾಮಫಲಕ ಹಾಕಿಸುವುದೆಂದೂ, ಫಲಕಗಳನ್ನು ಗುಣಮಟ್ಟದ ದೃಷ್ಟಿಯಿಂದ ಅಧ್ಯಕ್ಷರ ಅಂಗಡಿಯಿಂದಲೇ ತರಿಸುವುದೆಂದೂ ತೀರ್ಮಾನವಾಯಿತು. ಹಳೆಯ ಫಲಕಗಳನ್ನು ಬಾವಿಕಟ್ಟೆಯ ಸುತ್ತ ಹಾಸಿದರು. 212ರ ಮೇಲೆ ಗುರುಶಾಂತಪ್ಪನವರ ಹೆಸರು ಬಂತು. ಅವರ ಮಕ್ಕಳು ಅಮಾವಾಸ್ಯೆಗೆ ಹೂವು ತಂದು 212ಕ್ಕೇ ಏರಿಸಿದರು. ನಿಮ್ಮ ತಂದೆ ಇಲ್ಲಿಲ್ಲ, ಗೋಡೆಯ ಬದಿ ಇದ್ದಾರೆ ಎಂದು ಉಮಾಮಹೇಶ್ವರಿಯವರು ಹೇಳಿದರು.

"ಗೊತ್ತು ದೊಡ್ಡಮ್ಮ, ನಾವೇ ಮಣ್ಣು ಹಾಕಿದ್ದಲ್ವಾ" ಎಂದ ಹಿರಿಯ ಮಗ. "ಆದ್ರೆ ಕಂಪ್ಯೂಟರಲ್ಲಿ ಇಲ್ಲಿ ತೋರಿಸ್ತಾ ಇದೆ. ನೆರಳೂ ಇದೆ ಇಲ್ಲಿ."

ಕೂತು ಹಾಜರಾದರೆ ಸಾಕು, ಸಾಯಬೇಕಿಲ್ಲ ಎಂಬ ಸುದ್ದಿ ಉಳಿದ ಮೂವತ್ತು ಜನರಿಗೂ ತಲುಪಿತು. ಪ್ರತಿ ತಿಂಗಳ ಮೊದಲ ಸೋಮವಾರ, ಹತ್ತರಿಂದ ಹನ್ನೊಂದರ ವರೆಗೆ, ಜೊತೆಜಾಗದಾರರು ತಂತಮ್ಮ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರತಕ್ಕದ್ದೆಂದೂ, ಹಾಗೆ ಕೂತವರ ಲಿಂಗೈಕ್ಯ ದಿನಾಂಕವು ಮುಂದಿನ ತಿಂಗಳ ಮೊದಲ ಸೋಮವಾರಕ್ಕೆ ತಾನಾಗಿಯೇ ಮುಂದೂಡಲ್ಪಡುವುದೆಂದೂ ನಿಯಮವನ್ನು ಉದಾರಗೊಳಿಸಲಾಯಿತು. ಮೂವತ್ತೊಂದು ಜನರೂ ಒಂದೇ ದಿನ ತೀರಿಕೊಳ್ಳುವಂತಾದದ್ದರಿಂದ, ದಿನಕ್ಕೆ ಇಬ್ಬರೆಂಬ ಮಿತಿಯನ್ನು ಸಡಿಲಿಸಬೇಕಾಯಿತು. ಮಳೆಗಾಲದಲ್ಲಿ ಕೊಡೆಗೆ ಅನುಮತಿಯಿದೆ. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ, ಇನ್ನೊಬ್ಬರು ಪೇಪರ್ ಓದಿ ಹೇಳುತ್ತಾರೆ. ಬಹಳ ದಿನಗಳಿಂದ ಮಾತು ಬಿಟ್ಟಿದ್ದ ಇಬ್ಬರು ಷಡ್ಡಕರು ಅಕ್ಕಪಕ್ಕದ ಜಾಗದವರಾದ್ದರಿಂದ ರಾಜಿಯಾದರು. ಸಮಿತಿ ಇದನ್ನು ಗಣಕೀಕರಣದ ಸಾಮಾಜಿಕ ಲಾಭಗಳ ಪಟ್ಟಿಗೆ ಸೇರಿಸಿಕೊಂಡಿತು.

ಕಳೆದ ನವೆಂಬರಿನಲ್ಲಿ ಶೀಲಾ ಅವರು ಹಾಜರಾತಿಯ ಹಿಂದಿನ ದಿನ ನಿಜವಾಗಿಯೇ ತೀರಿಕೊಂಡರು. ಅದು ಭಾನುವಾರವಾದ್ದರಿಂದ ಕುಟುಂಬದವರು ವಿಶೇಷ ಅರ್ಜಿ ಸಲ್ಲಿಸಬೇಕಾಯಿತು. ಅನುಕಂಪದ ಆಧಾರದ ಮೇಲೆ ಮಂಜೂರಾಯಿತು.

ಹಾಜರಿ ಪುಸ್ತಕವನ್ನು ಮೊದಲ ಎರಡು ತಿಂಗಳು ರೇಣುಕಾಪ್ರಸಾದ್ ಇಟ್ಟರು. ಗೆರೆಗಳು ಸೊಟ್ಟ, ಹೆಸರುಗಳು ಕ್ರಮವಿಲ್ಲ, ಒಂದು ಕಡೆ ಒಬ್ಬರೇ ಎರಡು ಸಲ ಸಹಿ ಮಾಡಿದ್ದರು. ನೋಡಲಾರದೆ ಉಮಾಮಹೇಶ್ವರಿಯವರು ಅದನ್ನು ಕೈಗೆತ್ತಿಕೊಂಡರು. ಈಗ ಅವರೇ ಬೈಂಡು ಹಾಕಿಸಿ, ಕೆಂಪು ಶಾಯಿಯಲ್ಲಿ ಅಂಚು ಎಳೆದು, ತಿಂಗಳು ತಿಂಗಳೂ ಮೂವತ್ತು ಜನರ ಸಹಿ ಪಡೆದು, ಹನ್ನೊಂದು ಗಂಟೆಗೆ ಸರಿಯಾಗಿ ಅಡ್ಡಗೆರೆ ಹಾಕಿ ಮುಚ್ಚುತ್ತಾರೆ. ಎರಡು ನಿಮಿಷ ತಡವಾಗಿ ಬಂದವರನ್ನು ಸೇರಿಸುವುದಿಲ್ಲ. ಇಂಥ ಅಚ್ಚುಕಟ್ಟಾದ ಹಾಜರಿ ಪುಸ್ತಕ ಜಿಲ್ಲೆಯಲ್ಲೇ ಇಲ್ಲವೆಂದು ಷಡಕ್ಷರಪ್ಪನವರು ಸಭೆಯಲ್ಲಿ ಶಾಲು ಹೊದಿಸಿ ಹೇಳಿದಾಗ, ಅವರು ಅಲ್ಲವೆನ್ನಲಿಲ್ಲ.

ಒಟ್ಟು ತಗುಲಿದ ವೆಚ್ಚ ಹೀಗಿದೆ. ಸಾಫ್ಟ್‌ವೇರಿಗೆ ಮೂವತ್ತೆಂಟು ಸಾವಿರ ರೂಪಾಯಿ. ಇನ್ನೂರ ಅರವತ್ತು ಗ್ರಾನೈಟ್ ಫಲಕಕ್ಕೆ ಮೂರು ಲಕ್ಷ ಎಪ್ಪತ್ತೇಳು ಸಾವಿರ. ಕುರ್ಚಿ ಬಾಡಿಗೆ ತಿಂಗಳಿಗೆ ಆರುನೂರು. ಉಮಾಮಹೇಶ್ವರಿಯವರ ಆಟೋಗೆ, ಹೋಗಿ ಬರಲು, ಪ್ರತಿ ಸಲ ಮುನ್ನೂರ ಇಪ್ಪತ್ತು. ಇದಲ್ಲದೆ, 212ನೆಯ ಕಲ್ಲಿನ ಮೇಲಿದ್ದ "ಏಕಾಂತಪ್ಪ, ಬಿ.ಎ., ಬಿ.ಎಡ್., ಗಣಿತ ಶಿಕ್ಷಕರು" ಎಂಬ ಒಂದು ಸಾಲು.